ಕೆರೆಗೆ ಗಡಿಯುಂಟೇ?

ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಒಂದು ಶಿಲಾಶಾಸನವಿದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ತಾನು ಕಟ್ಟಿಸಿದ ಕೆರೆಯ ನೆನಪಿಗಾಗಿ ಕ್ರಿ.ಶ. 1369ರಲ್ಲಿ ಬರೆಸಿದ ಸಂಸ್ಕೃತ ಶಾಸನ ಅದು. ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದ ಸಂಗತಿ ಅದರಲ್ಲಿ ಬರುತ್ತದೆ. ಉತ್ತಮ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ ಇರಬಾರದ ಆರು ದೋಷಗಳನ್ನೂ ಶಾಸನಕಾರನು ಎಣಿಸಿ ಹೇಳುತ್ತಾನೆ. ಏರಿಯಲ್ಲಿ ನೀರು ಜಿನುಗುವುದು, ಚೌಳು ನೆಲ, ನೀರು ಕಡಮೆಯಾಗಿ ಗದ್ದೆ ಹೆಚ್ಚಾಗುವುದು, ಇವು ಯಾವ ರೈತನಿಗೂ ತಿಳಿಯುವ ದೋಷಗಳು. ಅವುಗಳ ನಡುವೆ ಇನ್ನೊಂದುಂಟು: ಕೆರೆಯು ಎರಡು ರಾಜ್ಯಗಳ ಗಡಿಯಲ್ಲಿರುವುದು. ಶಾಸನಗಳನ್ನು ಪಾಠ ಹೇಳುತ್ತಿದ್ದ ಕಾಲದಲ್ಲಿ ಇದನ್ನು ನಾನು ಯುದ್ಧಭಯದ ಮಾತೆಂದೇ ವಿವರಿಸುತ್ತಿದ್ದೆ. ಅದರ ಅರ್ಥ ಅಷ್ಟಕ್ಕೇ ನಿಲ್ಲದೆಂದು ಈಗ ತೋರುತ್ತದೆ.

ಕೆರೆಯೆಂದರೆ ಏರಿಯ ಹಿಂದೆ ನಿಂತ ನೀರಷ್ಟೇ ಅಲ್ಲ. ಮಳೆ ಬೀಳುವ ಮೇಲುನೆಲ, ನೀರನ್ನು ತರುವ ಹಳ್ಳ, ತೂಬಿನ ಕೆಳಗಣ ಅಚ್ಚುಕಟ್ಟು, ಕೋಡಿಯ ನೀರಿಗಾಗಿ ಕಾದಿರುವ ಮುಂದಿನ ಕೆರೆ, ಇಷ್ಟೂ ಸೇರಿ ಒಂದು ಕೆರೆ. ನನ್ನ ಬಾಲ್ಯದಲ್ಲಿ ನಮ್ಮೂರ ಕೆರೆಯ ಕೋಡಿಯನ್ನು ಒಂದು ಗೇಣು ಎತ್ತರಿಸಿದರೂ ಮೇಲಿನ ಊರಿನವರ ಹೊಲ ಹಿನ್ನೀರಿನಲ್ಲಿ ಮುಳುಗುತ್ತಿತ್ತು. ಕೆಳಗಿನ ಊರಿನ ಕೆರೆ ಒಣಗುತ್ತಿತ್ತು. ಆದ್ದರಿಂದ ಮೂರೂ ಊರಿನ ಹಿರಿಯರು ಕೂಡಿ ಒಪ್ಪದೆ ಕೋಡಿಯ ಕಲ್ಲನ್ನು ಯಾರೂ ಮುಟ್ಟುವಂತಿರಲಿಲ್ಲ. ಮಳೆ ಕೈಕೊಟ್ಟ ವರ್ಷ ಎಷ್ಟು ಗದ್ದೆಗೆ ನೀರು ಬಿಡಬೇಕೆಂಬುದನ್ನು ಊರು ತೀರ್ಮಾನಿಸುತ್ತಿತ್ತು. ನೀರಗಂಟಿ ಅದನ್ನು ನಡೆಸುತ್ತಿದ್ದ. ಆ ವ್ಯವಸ್ಥೆ ಎಲ್ಲರಿಗೂ ಸಮನಾಗಿತ್ತೆಂದು ಹೇಳಲಾರೆ. ಭೂಮಿಯಿಲ್ಲದವನ ಮಾತಿಗೆ ಅಲ್ಲಿ ಬೆಲೆಯಿರಲಿಲ್ಲ. ಆದರೂ ನೀರು ಮೂರು ಊರಿನದೆಂಬ ಅರಿವು ಇತ್ತು.

ಬೆಂಗಳೂರು ಇಂಥ ಕೆರೆಗಳ ಸಾಲುಗಳ ಮೇಲೆಯೇ ಬೆಳೆದ ನಗರ. ಮಳೆನೀರಿಗಾಗಿ ಇದ್ದ ಕಾಲುವೆಗಳಲ್ಲಿ ಮನೆಮನೆಯ ಕೊಳೆನೀರು ಹರಿದು ಬೆಳ್ಳಂದೂರು ಕೆರೆಗೆ ಸೇರಿತು. ಅಲ್ಲಿಂದ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿಗೆ. 2015ರಲ್ಲಿ ಈ ಕೆರೆಗಳ ನೊರೆ ಉಕ್ಕಿ ರಸ್ತೆಗೆ ಬಂದಿತು. 2017ರಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ನೀರು ಒಂದೇ, ಆದರೆ ಕೆರೆಯಂಗಳ ಒಂದು ಕಚೇರಿಯದು, ಒಳಚರಂಡಿ ಇನ್ನೊಂದರದು, ಮಾಲಿನ್ಯದ ತಪಾಸಣೆ ಮತ್ತೊಂದರದು. ಶಾಸನಕಾರನು ಹೇಳಿದ ಗಡಿಯ ದೋಷ ಇದೇ ಅಲ್ಲವೇ?

2018ರಿಂದ ಅದೇ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳೆನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹಾಯಿಸಲಾಗುತ್ತಿದೆ. ಬತ್ತಿದ ಕೆರೆ ತುಂಬಿದ ಸಂತೋಷ ಅಲ್ಲಿಯ ರೈತನದು. ಆ ನೀರು ಎಷ್ಟು ಶುದ್ಧವೆಂಬ ಚಿಂತೆಯೂ ಅವನದೇ. ಬೆಂಗಳೂರಿನ ಬಚ್ಚಲಲ್ಲಿ ಚೆಲ್ಲಿದ್ದು ಕೋಲಾರದ ಬಾವಿಗೆ ಇಳಿಯುವುದಾದರೆ, ಇಬ್ಬರೂ ಈಗ ಒಂದೇ ಕೆರೆಯ ಮೇಲಿನ ಊರು, ಕೆಳಗಿನ ಊರು.

ಕೆರೆಗೆ ಬೇಲಿ ಹಾಕಿ ಏರಿಯ ಮೇಲೆ ವಿಹಾರದ ದಾರಿ ಮಾಡಿದರೆ ಸಾಲದು. ಕೊಳೆಯನ್ನು ಅದು ಹುಟ್ಟುವಲ್ಲಿಯೇ ತಡೆಯಬೇಕು. ನೀರಿನ ಪರೀಕ್ಷೆಯ ಫಲ ಕೆಳಗಿನವರಿಗೂ ತಿಳಿಯಬೇಕು. ಮೇಲಿನವರ ತೀರ್ಮಾನದಲ್ಲಿ ಅವರಿಗೂ, ಅವರಲ್ಲಿ ಭೂಮಿಯಿಲ್ಲದವರಿಗೂ ಮಾತಿರಬೇಕು. ನಮ್ಮ ಹಿರಿಯರು ಕೋಡಿಯ ಬಳಿ ಕೂಡುತ್ತಿದ್ದಂತೆ ಇವರೆಲ್ಲ ಒಂದೆಡೆ ಕೂಡುವ ಏರ್ಪಾಡು ಮೊದಲು ಆಗಲಿ.