ಬಸ್ರೂರಿನ ‘ಹಲರು’ ಯಾರು?

ಕುಂದಾಪುರದ ಹತ್ತಿರ, ವಾರಾಹಿ ಹೊಳೆಯ ದಂಡೆಯಲ್ಲಿ ಬಸ್ರೂರು ಇದೆ. ಈಗ ಹೋಗಿ ನೋಡಿದರೆ ತೆಂಗಿನ ತೋಟ, ಕೆರೆ, ಹಳೇ ದೇವಸ್ಥಾನಗಳು. ಇದೇನಾ ಅರಬ್ಬರೂ ಪೋರ್ಚುಗೀಸರೂ ಹುಡುಕಿಕೊಂಡು ಬರ್ತಿದ್ದ ಬಂದರು ಅಂತ ಅನುಮಾನ ಬರುತ್ತೆ. ಊರಿನ ವಿಜಯನಗರ ಕಾಲದ ಶಾಸನಗಳನ್ನು ಓದಿದರೆ ಆ ಅನುಮಾನ ನಿಲ್ಲೋದಿಲ್ಲ.

ಈ ಶಾಸನಗಳಲ್ಲಿ ಮೂಡುಕೇರಿ, ಪಡುವಕೇರಿ ಎಂಬ ಕೇರಿಗಳ ‘ಹಲರು’ ಕಾಣಿಸುತ್ತಾರೆ. ಹಳಗನ್ನಡದ ‘ಪಲರ್’ ಪದದ ಪಕಾರ ಹಕಾರವಾಗಿ ಹಲರು ಆಯಿತು. ಇವತ್ತಿನ ಅರ್ಥದಲ್ಲಿ ‘ಹಲವು ಜನ’ ಅಂತ ಓದಿ ಮುಂದೆ ಹೋದರೆ ಮುಖ್ಯ ವಿಷಯವೇ ಕೈತಪ್ಪುತ್ತೆ. ಇಲ್ಲಿ ಹಲರು ಅಂದರೆ ಕೇರಿಯ ಆಡಳಿತ ನಡೆಸುತ್ತಿದ್ದ ಪ್ರಮುಖರ ಸಭೆ. ವರ್ತಕರಾದ ಸೆಟ್ಟಿಕಾರರದ್ದು ಇನ್ನೊಂದು ಕೂಟ. ಕರಾವಳಿಯ ಶಾಸನಗಳಲ್ಲಿ ಬರುವ ‘ಹಂಜಮಾನ’ ಕೂಡ ಅಂಥದ್ದೇ: ಪಾರಸಿಯ ‘ಅಂಜುಮನ್’ ಕನ್ನಡದ ಬಾಯಿಗೆ ಬಂದ ರೂಪ, ಕಡಲಾಚೆಯಿಂದ ಬಂದ ವರ್ತಕರ ಸಂಘ. ಒಂದು ಪದದಲ್ಲೇ ಇಡೀ ಕಡಲ ವ್ಯಾಪಾರ ಇದೆ ನೋಡಿ.

ಇದಕ್ಕೆ ಹೊರಗಿನ ಸಾಕ್ಷಿಯೂ ಉಂಟು. ಪೋರ್ಚುಗೀಸರು ಈ ಊರನ್ನು ‘ಬಾರ್ಸೆಲೋರ್’ ಅಂದರು, ಶೆಟ್ಟಿಗಳನ್ನು ‘ಚಾಟಿಂ’ ಅಂದರು. ಅವರಿಗೆ ಇಲ್ಲಿಂದ ಬೇಕಾಗಿದ್ದದ್ದು ಮುಖ್ಯವಾಗಿ ಅಕ್ಕಿ. ರಾಜನಿಗೆ ಅಷ್ಟಿಷ್ಟು ಕಪ್ಪ ಕೊಟ್ಟು, ಪೇಟೆಯನ್ನು ಈ ವರ್ತಕರೇ ಆಳಿಕೊಳ್ಳುತ್ತಾರೆ ಅಂತ ಅವರ ಇತಿಹಾಸಕಾರ ದಿಯೋಗೊ ದೊ ಕೌಟೊ ಬರೆದಿದ್ದಾನೆ. ಕಲ್ಲಿನ ‘ಹಲರು’, ‘ಸೆಟ್ಟಿಕಾರರು’ ಪದಗಳನ್ನು ಅದರ ಪಕ್ಕದಲ್ಲಿಟ್ಟರೆ ಎರಡೂ ಒಂದಕ್ಕೊಂದು ಹೊಂದುತ್ತವೆ.

ಮುಂದಿನದು ಬೇಗ ಹೇಳಬಹುದು. 1569ರ ಹೊತ್ತಿಗೆ ಪೋರ್ಚುಗೀಸರು ಹೊಳೆಯ ಕೆಳಭಾಗದಲ್ಲಿ ಕೋಟೆ ಹಿಡಿದು ಕೂತರು. 17ನೇ ಶತಮಾನದ ನಡುವೆ ಕೆಳದಿಯ ಶಿವಪ್ಪನಾಯಕ ಅವರನ್ನು ಅಲ್ಲಿಂದ ಓಡಿಸಿದ. 1665ರಲ್ಲಿ ಶಿವಾಜಿ ಸಮುದ್ರಮಾರ್ಗವಾಗಿ ಬಂದು ಪೇಟೆಯನ್ನು ಲೂಟಿ ಮಾಡಿದ. ಲೂಟಿ ಮಾಡೋಕೆ ಆಗಲೂ ಅಲ್ಲಿ ಸಂಪತ್ತಿತ್ತು ಅನ್ನೋದನ್ನೂ ಗಮನಿಸಿ.

ಈ ಕಲ್ಲುಗಳು ಹೋದರೆ ಏನಾಗುತ್ತೆ? ಬಸ್ರೂರಿನ ಕಥೆ ಹೊರಗಿನವರ ಬರಹದಲ್ಲಿ ಮಾತ್ರ ಉಳಿಯುತ್ತೆ. ಅಲ್ಲಿ ಇದು ಅಕ್ಕಿ, ಕಪ್ಪ, ಕೋಟೆಗಳ ಊರು. ತನ್ನ ವ್ಯವಹಾರವನ್ನು ತಾನೇ ನೋಡಿಕೊಂಡ ಊರು ಅಂತ ಕನ್ನಡದಲ್ಲೇ ಹೇಳೋದು ಕಲ್ಲು ಮಾತ್ರ. ಹಾಗಾಗಿ ನಿಮ್ಮೂರಲ್ಲಿ ಬರಹದ ಕಲ್ಲು ಕಂಡರೆ ಸುಣ್ಣ, ಬಣ್ಣ ಬಳಿಯೋಕೆ ಬಿಡಬೇಡಿ. ಸಂಜೆಯ ಓರೆ ಬಿಸಿಲಲ್ಲಿ ಫೋಟೊ ತೆಗೆದು, ಪುರಾತತ್ವ ಇಲಾಖೆಗೆ ತಿಳಿಸಿ.