ಹತ್ತನೆಯವನ ಜಾಗ

ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಯಹೂದಿ ಮಗ ಹನ್ನೊಂದು ತಿಂಗಳ ಕಾಲ ದಿನವೂ ‘ಕದ್ದೀಶ್’ ಎಂಬ ಪ್ರಾರ್ಥನೆ ಹೇಳಬೇಕೆಂಬುದು ಸಂಪ್ರದಾಯ. ಆ ಪ್ರಾರ್ಥನೆಯಲ್ಲಿ ಸಾವಿನ ಮಾತೇ ಇಲ್ಲ, ಇರುವುದು ದೇವರ ಸ್ತುತಿ. ಆದರೆ ಅದನ್ನು ಒಬ್ಬನೇ ಕುಳಿತು ಹೇಳುವಂತಿಲ್ಲ. ಕನಿಷ್ಠ ಹತ್ತು ಮಂದಿ ವಯಸ್ಕರು ಕೂಡಿರಬೇಕು. ಈ ಹತ್ತರ ಕೂಟಕ್ಕೆ ‘ಮಿನ್ಯಾನ್’ ಎಂದು ಹೆಸರು. ಒಂಬತ್ತು ಮಂದಿ ಘನ ಪಂಡಿತರಿದ್ದರೂ ಸಾಲದು. ಹತ್ತನೆಯವನು ಏನೂ ಓದದವನಾದರೂ ಸರಿ, ಅವನು ಬಂದರೇ ಪ್ರಾರ್ಥನೆ.

ಅಮೆರಿಕದ ಅನೇಕ ಸಿನಗಾಗ್‌ಗಳಲ್ಲಿ, ಅಂದರೆ ಯಹೂದಿ ಪ್ರಾರ್ಥನಾ ಮಂದಿರಗಳಲ್ಲಿ, ‘ಮೆನ್ಸ್ ಕ್ಲಬ್’ ಅಥವಾ ‘ಬ್ರದರ್‌ಹುಡ್’ ಎಂಬ ಗಂಡಸರ ಸಂಘಗಳಿವೆ. ಹೊರಗಿನವರ ಕಣ್ಣಿಗೆ ಇವು ತಿಂಡಿ, ಹರಟೆ, ಇಸ್ಪೀಟಿನ ಕೂಟಗಳು. ಆದರೆ ಈ ಸಂಘಗಳ ಅರ್ಥ ತಿಳಿಯಬೇಕಾದರೆ ಆ ಹತ್ತನೆಯವನನ್ನು ನೆನಪಿಟ್ಟುಕೊಳ್ಳಬೇಕು.

ಇವು ಹುಟ್ಟಿದ್ದೇಕೆ? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ವಾರಕ್ಕೆ ಆರು ದಿನ ದುಡಿಮೆ. ಯಹೂದಿಗಳ ವಿಶ್ರಾಂತಿಯ ದಿನವಾದ ಶನಿವಾರವೇ ಅಂಗಡಿಗಳಿಗೆ ಭರ್ಜರಿ ವ್ಯಾಪಾರ. ವಲಸೆ ಬಂದು ಹೊಟ್ಟೆಪಾಡಿಗೆ ಬಿದ್ದಿದ್ದ ಗಂಡಸರಲ್ಲಿ ಅನೇಕರು ಪ್ರಾರ್ಥನೆಗೆ ದೂರವಾದರು. ಇತ್ತ ಹೆಂಗಸರು ಸುಮ್ಮನೆ ಕೂರಲಿಲ್ಲ. ಸುಧಾರಣಾವಾದಿ ‘ರಿಫಾರ್ಮ್’ ಪಂಥದ ಮಹಿಳಾ ಸಂಘಗಳು 1913ರಲ್ಲೇ ರಾಷ್ಟ್ರೀಯ ಒಕ್ಕೂಟ ಕಟ್ಟಿಕೊಂಡವು. ಅದೇ ಪಂಥದ ಗಂಡಸರ ಒಕ್ಕೂಟ ರೂಪುಗೊಂಡದ್ದು ಹತ್ತು ವರ್ಷ ತಡವಾಗಿ, 1923ರಲ್ಲಿ. ಮಧ್ಯಮಮಾರ್ಗದ ‘ಕನ್ಸರ್ವೇಟಿವ್’ ಪಂಥದ ಮೆನ್ಸ್ ಕ್ಲಬ್‌ಗಳು 1929ರಲ್ಲಿ ಒಂದುಗೂಡಿದವು.

ಸೇರುವ ಕ್ರಮ ಸರಳ. ಒಂದು ಅರ್ಜಿ, ವರ್ಷಕ್ಕೊಂದು ಚಂದಾ. ದೀಕ್ಷೆಯಿಲ್ಲ, ಗುಟ್ಟಿನ ವಿಧಿಗಳಿಲ್ಲ. ಯಹೂದಿ ಹೆಣ್ಣನ್ನು ಮದುವೆಯಾದ ಅನ್ಯಧರ್ಮೀಯನಿಗೂ ಹಲವೆಡೆ ಸ್ವಾಗತವಿದೆ. ಭಾನುವಾರ ಬೆಳಿಗ್ಗೆ ‘ಬೇಗಲ್’ ಎಂಬ ಬಳೆಯಾಕಾರದ ಬ್ರೆಡ್ಡು, ಕಾಫಿ, ಯಾರದಾದರೂ ಒಂದು ಉಪನ್ಯಾಸ. ಹೊಸಬನ ಪರಿಚಯ ಅಲ್ಲೇ ಆಗುತ್ತದೆ. ಆಮೇಲೆ ಯಾರಾದರೊಬ್ಬರು ಅವನ ಕೈಗೊಂದು ಕೆಲಸ ಕೊಡುತ್ತಾರೆ.

ಆ ಕೆಲಸಗಳು ದೊಡ್ಡವಲ್ಲ. ಹೊಸ ವರ್ಷದ ಮತ್ತು ಪ್ರಾಯಶ್ಚಿತ್ತದ ಹಬ್ಬಗಳಂದು ಮಂದಿರ ಕಿಕ್ಕಿರಿದಾಗ ಬಂದವರಿಗೆ ಜಾಗ ತೋರಿಸಬೇಕು. ಅದರ ಹಿಂದೆಯೇ ಬರುವ ‘ಸುಕ್ಕೋತ್’ ಹಬ್ಬಕ್ಕೆ, ರಾತ್ರಿ ನಕ್ಷತ್ರಗಳು ಕಾಣುವಂತೆ ಸೊಪ್ಪು ಹೊದಿಸಿದ ಚಪ್ಪರ ಹಾಕಬೇಕು. ‘ಹನುಕ್ಕಾ’ ಬಂದರೆ ಎಣ್ಣೆಯ ಮುಂದೆ ನಿಂತು ಆಲೂಗಡ್ಡೆಯ ‘ಲಾಟ್ಕೆ’ ಕರಿಯಬೇಕು. ಡಿಸೆಂಬರ್ 25ರಂದು ಕ್ರೈಸ್ತ ನೌಕರರು ಮನೆಯಲ್ಲಿ ಹಬ್ಬ ಮಾಡಲೆಂದು ಆಸ್ಪತ್ರೆ, ಅನ್ನಛತ್ರಗಳಲ್ಲಿ ಅವರ ಬದಲಿಗೆ ದುಡಿಯುವ ಸಂಘಗಳೂ ಇವೆ.

ಇದರಲ್ಲೊಂದು ಜಾಣತನವಿದೆ. ಹೀಬ್ರೂ ಓದಲು ಬಾರದವನಿಗೆ ಮಂದಿರದೊಳಗೆ ಕೂರಲು ಸಂಕೋಚ. ಚಪ್ಪರದ ಗಳ ಹಿಡಿಯಲು ಯಾವ ಸಂಕೋಚವೂ ಇಲ್ಲ. ಜೊತೆಯಲ್ಲಿ ಕೆಲಸ ಮಾಡಿದವರ ನಡುವೆ ಸಲುಗೆ ಬೆಳೆಯುತ್ತದೆ. ಆಮೇಲೊಂದು ಸಂಜೆ ಫೋನು ಬರುತ್ತದೆ: ಇಂಥವರ ಮನೆಯಲ್ಲಿ ಸಾವಾಗಿದೆ, ಒಂಬತ್ತು ಜನ ಇದ್ದಾರೆ, ಬರುತ್ತೀರಾ? ತಿಂಡಿಗೆಂದು ಬಂದವನು ಆ ಮನೆಯಲ್ಲಿ ಹತ್ತನೆಯವನಾಗುತ್ತಾನೆ.

ಸಂಘಗಳ ದೃಷ್ಟಿ ತಮ್ಮ ಅಂಗಳಕ್ಕೇ ಸೀಮಿತವಾಗಿಲ್ಲ. ಯಹೂದಿ ಧರ್ಮದ ಬಗ್ಗೆ ತಿಳಿವಳಿಕೆ ಹರಡಲು 1893ರಲ್ಲಿ ಆರಂಭವಾಗಿದ್ದ ‘ಜ್ಯೂಯಿಷ್ ಶಟಾಕ್ವಾ ಸೊಸೈಟಿ’ಯನ್ನು ರಿಫಾರ್ಮ್ ಒಕ್ಕೂಟ 1939ರಲ್ಲಿ ವಹಿಸಿಕೊಂಡಿತು. ಅದರ ಮೂಲಕ ರಬ್ಬಿಗಳು ಕಾಲೇಜುಗಳಿಗೆ ಹೋಗಿ ಅನ್ಯಧರ್ಮೀಯ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಕನ್ಸರ್ವೇಟಿವ್ ಸಂಘಗಳವರು ನಾಜಿಗಳ ನರಮೇಧದ ಸ್ಮರಣೆಯ ದಿನ ಮನೆಮನೆಯಲ್ಲಿ ಹಚ್ಚಲು ಹಳದಿ ಮೇಣದ ದೀಪಗಳನ್ನು ಹಂಚುತ್ತಾರೆ. 1981ರಲ್ಲಿ ಆರಂಭವಾದ ಪದ್ಧತಿಯಿದು. ನಾಜಿಗಳು ಯಹೂದಿಗಳ ಬಟ್ಟೆಗೆ ಹೊಲಿಸಿದ್ದ ಹಳದಿ ನಕ್ಷತ್ರವನ್ನು ಆ ಬಣ್ಣ ನೆನಪಿಸುತ್ತದೆ.

ಆದರೆ ಗಂಡಸರದೇ ಸಂಘ ಇನ್ನೂ ಬೇಕೇ? ಪ್ರಶ್ನೆ ಸುಲಭದ್ದಲ್ಲ. ಅಮೆರಿಕದ ರಿಫಾರ್ಮ್ ಪಂಥ 1972ರಲ್ಲಿ ಮೊದಲ ಮಹಿಳಾ ರಬ್ಬಿಗೆ ದೀಕ್ಷೆ ಕೊಟ್ಟಿತು. ಹೆಂಗಸರನ್ನೂ ಮಿನ್ಯಾನ್‌ನಲ್ಲಿ ಎಣಿಸಬಹುದೆಂದು ಕನ್ಸರ್ವೇಟಿವ್ ಪಂಥ 1973ರಲ್ಲಿ ಒಪ್ಪಿತು. ಸಂಪ್ರದಾಯನಿಷ್ಠ ಆರ್ಥೊಡಾಕ್ಸ್ ಪಂಥ ಮಾತ್ರ ಇಂದಿಗೂ ಗಂಡಸರನ್ನಷ್ಟೇ ಎಣಿಸುತ್ತದೆ. ಹತ್ತನೆಯ ಜಾಗಕ್ಕೆ ಹೆಣ್ಣೂ ಸಲ್ಲುವಲ್ಲಿ ತಿಂಡಿಯ ಮೇಜಿಗೆ ಅವಳೇಕೆ ಬರಬಾರದು ಎಂಬ ವಾದದಲ್ಲಿ ಹುರುಳಿದೆ. ಕೆಲವು ಸಂಘಗಳು ಹೆಂಗಸರಿಗೂ ಬಾಗಿಲು ತೆರೆದಿವೆ.

ಬೇಡವೆನ್ನುವವರಿಗೂ ಒಂದು ಉತ್ತರವಿದೆ. ಕೆಲಸ ಹೋದದ್ದು, ಕಾಯಿಲೆ ಬಂದದ್ದು, ನಿವೃತ್ತಿಯ ಬಳಿಕದ ಖಾಲಿತನ, ಇವನ್ನು ಗಂಡಸರು ಎಲ್ಲರೆದುರು ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ, ತಮ್ಮಂಥವರ ನಡುವೆ ಹೇಳಿಕೊಂಡಾರು ಎಂಬುದು ಅವರ ಅನುಭವ. ಅದಕ್ಕೆಂದೇ ನಡೆಸುವ ಮಾತುಕತೆಯ ಕೂಟಗಳೂ ಇವೆ.

ಈ ವಾದ ಎತ್ತ ತಿರುಗಿದರೂ ಹಳೆಯ ಲೆಕ್ಕವಂತೂ ಬದಲಾಗದು. ದುಃಖದಲ್ಲಿರುವವನು ಪ್ರಾರ್ಥನೆ ಹೇಳಬೇಕಾದರೆ ಇನ್ನೂ ಒಂಬತ್ತು ಮಂದಿ ಬರಬೇಕು. ಕರೆದ ಹೊತ್ತಿಗೆ ಬರುವಂಥವರನ್ನು ಭಾನುವಾರದ ಕಾಫಿಯ ಮೇಜಿನಿಂದಲೇ ಸಿದ್ಧಮಾಡಿಡುವುದು ಈ ಸಂಘಗಳ ನಿಜವಾದ ಕಸುಬು.