ಕಳೆದುಹೋದ ಮಾದರಿ ಫೋನಿನ ಅನ್ವೇಷಣೆ

ಹೊಸದೊಂದು ಯಂತ್ರವು ಮಾರುಕಟ್ಟೆಗೆ ಬರುವ ಮೊದಲು ಅದರ ಕೆಲವು ಮಾದರಿಗಳನ್ನು ರಚಿಸಿ ಪರೀಕ್ಷಿಸುವುದು ವಾಡಿಕೆ. ಈ ಪರೀಕ್ಷೆಗೆ ಪ್ರಯೋಗಶಾಲೆಯೊಂದೇ ಸಾಲದು. ರೇಡಿಯೋ ಅಲೆಗಳನ್ನು ಆಶ್ರಯಿಸಿದ ಫೋನು ಬೀದಿಯಲ್ಲಿ, ಗೋಡೆಗಳ ನಡುವೆ, ಮನುಷ್ಯನ ಅಂಗೈಯಲ್ಲಿ ಹೇಗೆ ವರ್ತಿಸುವುದೆಂದು ಹೊರಗೆ ಒಯ್ದೇ ತಿಳಿಯಬೇಕು. ಆದರೆ ಹೊರಗೆ ಹೋದ ವಸ್ತುವು ಕಳೆದುಹೋಗಲೂ ಬಹುದು.

2010ರ ಮಾರ್ಚ್ ತಿಂಗಳಲ್ಲಿ ಹೀಗೆಯೇ ಆಯಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ರೆಡ್‌ವುಡ್ ಸಿಟಿಯ ಪಾನಗೃಹವೊಂದರಲ್ಲಿ, ಆಪಲ್ ಸಂಸ್ಥೆಯ ಇಂಜಿನಿಯರೊಬ್ಬರ ಬಳಿಯಿದ್ದ ಐಫೋನ್ 4ರ ಮಾದರಿಯು ಉಳಿದುಹೋಯಿತು. ಅದು ಹಳೆಯ ಫೋನಿನಂತೆ ಕಾಣಲೆಂದು ಮೇಲೊಂದು ಹೊದಿಕೆಯನ್ನು ತೊಡಿಸಲಾಗಿತ್ತು. ಮರುದಿನವೇ ದೂರದಿಂದ ಆಜ್ಞೆಯನ್ನು ಕಳುಹಿಸಿ ಅದನ್ನು ನಿಷ್ಕ್ರಿಯಗೊಳಿಸಲಾಯಿತು. ಆದರೆ ಒಳಗಿನ ಮಾಹಿತಿಯನ್ನು ಅಳಿಸಬಹುದೇ ಹೊರತು ಯಂತ್ರದ ರಚನೆಯನ್ನು ಅಳಿಸಲಾಗದಷ್ಟೆ! ಗಿಜ್ಮೋಡೊ ಎಂಬ ಅಂತರಜಾಲ ಪತ್ರಿಕೆಯು 5,000 ಡಾಲರುಗಳನ್ನು ತೆತ್ತು ಫೋನನ್ನು ಪಡೆದು, ಬಿಚ್ಚಿ ನೋಡಿ, ಏಪ್ರಿಲ್ 19ರಂದು ಅದರ ಚಿತ್ರಗಳನ್ನು ಪ್ರಕಟಿಸಿತು. ಮುಂಭಾಗದ ಕ್ಯಾಮೆರಾ, ಸುತ್ತಲಿನ ಲೋಹದ ಪಟ್ಟಿ ಮುಂತಾದ ವಿಶೇಷಗಳು, ಸಂಸ್ಥೆಯು ಜೂನ್ 7ರಂದು ಫೋನನ್ನು ಪರಿಚಯಿಸುವ ಮೊದಲೇ ಲೋಕಕ್ಕೆ ತಿಳಿದವು.

ಆಪಲ್ ಪತ್ರ ಬರೆದು ಕೇಳಿದ ಮೇಲೆ ಫೋನು ಮರಳಿ ದೊರೆಯಿತು. ಆದರೂ ಏಪ್ರಿಲ್ 23ರಂದು ಪೋಲೀಸರು ವಾರಂಟಿನೊಡನೆ ಪತ್ರಿಕೆಯ ಸಂಪಾದಕರೊಬ್ಬರ ಮನೆಯನ್ನು ಶೋಧಿಸಿ ಗಣಕಯಂತ್ರಗಳನ್ನು ಒಯ್ದರು. ಪತ್ರಕರ್ತರ ಸಾಮಗ್ರಿಗೆ ಕಾನೂನಿನ ರಕ್ಷಣೆಯಿಲ್ಲವೇ ಎಂಬ ಚರ್ಚೆ ಎದ್ದಿತು. ಜುಲೈ ತಿಂಗಳಲ್ಲಿ ಆ ವಾರಂಟು ಹಿಂತೆಗೆಯಲ್ಪಟ್ಟಿತು. ಪತ್ರಿಕೆಯವರ ಮೇಲೆ ಮೊಕದ್ದಮೆ ಹೂಡಲಿಲ್ಲ. ಸಿಕ್ಕಿದ ವಸ್ತುವಿನ ಒಡೆಯನನ್ನು ತಿಳಿಯುವ ಸುಳಿವಿದ್ದೂ ಅದನ್ನು ತನ್ನದಾಗಿಸಿಕೊಳ್ಳುವುದು ಅಲ್ಲಿಯ ಕಾನೂನಿನಲ್ಲಿ ಕಳವು. ಫೋನಿನ ಮಾರಾಟಕ್ಕೆ ಸಂಬಂಧಿಸಿದ ಇಬ್ಬರಿಗೆ 2011ರಲ್ಲಿ ಒಂದು ವರ್ಷದ ಪ್ರೊಬೇಷನ್, 40 ಗಂಟೆಗಳ ಸಮಾಜಸೇವೆ, 250 ಡಾಲರುಗಳ ಪರಿಹಾರ ವಿಧಿಸಲಾಯಿತು.

ಅದೇ ವರ್ಷದ ಜುಲೈ ತಿಂಗಳಲ್ಲಿ ಸಾನ್‌ಫ್ರಾನ್ಸಿಸ್ಕೋ ನಗರದ ಪಾನಗೃಹವೊಂದರಲ್ಲಿ ಆಪಲ್‌ನ ಇನ್ನೊಂದು ಮಾದರಿ ಫೋನು ಕಾಣೆಯಾಯಿತು. ಈ ಬಾರಿ ಸಂಸ್ಥೆಯು ಅದರ ಜಾಡನ್ನು ವಿದ್ಯುನ್ಮಾನ ವಿಧಾನದಿಂದ ಹಿಡಿದು ಒಂದು ಮನೆಯನ್ನು ಗುರುತಿಸಿತು. ಪೋಲೀಸರು ಜೊತೆಗೆ ಬಂದು ಹೊರಗೆ ನಿಂತರು. ಮನೆಯೊಳಗೆ ಹುಡುಕಿದವರು ಸಂಸ್ಥೆಯ ಇಬ್ಬರು ತನಿಖೆಗಾರರು. ಬಂದವರೆಲ್ಲರೂ ಪೋಲೀಸರೆಂದೇ ಭಾವಿಸಿ ಒಪ್ಪಿದೆನೆಂದು ನಿವಾಸಿಯು ಆಮೇಲೆ ಹೇಳಿದನು. ಫೋನು ಮಾತ್ರ ಅಲ್ಲಿ ಸಿಗಲಿಲ್ಲ.

ಜಾಡು ಹಿಡಿದರೂ ವಸ್ತು ಸಿಗದಿರುವುದು ಹೇಗೆ? ಸ್ಥಾನನಿರ್ಣಯದ ಪ್ರಸಿದ್ಧ ವಿಧಾನವಾದ ಜಿ.ಪಿ.ಎಸ್. ಅನ್ನೇ ನೋಡೋಣ. ಉಪಗ್ರಹಗಳಿಂದ ಹೊರಟ ಸಂಕೇತಗಳು ಬಂದು ಮುಟ್ಟಲು ಹಿಡಿದ ಕಾಲವನ್ನು ಅಳೆದು ಫೋನು ದೂರವನ್ನು ಲೆಕ್ಕ ಹಾಕುತ್ತದೆ. ರೇಡಿಯೋ ಅಲೆಯ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು. ಆದುದರಿಂದ ಕಾಲದ ಎಣಿಕೆಯಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೆ ದೂರದಲ್ಲಿ 300 ಮೀಟರು ತಪ್ಪುತ್ತದೆ. ಕಟ್ಟಡಗಳ ಗೋಡೆಗಳು ಸಂಕೇತವನ್ನು ಕುಗ್ಗಿಸುತ್ತವೆ, ಪ್ರತಿಫಲಿಸಿ ಅದರ ದಾರಿಯನ್ನು ಉದ್ದಗೊಳಿಸುತ್ತವೆ. ನಕ್ಷೆಯ ಮೇಲೆ ಕಾಣುವ ಚುಕ್ಕೆಯು ವಾಸ್ತವವಾಗಿ ಒಂದು ವೃತ್ತ. ಆ ವೃತ್ತದೊಳಗೆ ನೆರೆಮನೆಯೂ ಸೇರಿರಬಹುದು. ಅಲ್ಲದೆ ಫೋನು ನಿನ್ನೆ ಇದ್ದ ಜಾಗದಲ್ಲಿ ಇಂದು ಇರಬೇಕಿಲ್ಲ.

ಇಂದು ಕಳೆದ ಫೋನನ್ನು ನಕ್ಷೆಯಲ್ಲಿ ಹುಡುಕುವ ಅನುಕೂಲ ನಮ್ಮ ವಿದ್ಯಾರ್ಥಿಗಳ ಕೈಯಲ್ಲಿಯೂ ಇದೆ. ಆ ಚುಕ್ಕೆಯು ತನಿಖೆಗೆ ಒಳ್ಳೆಯ ಸುಳಿವು. ಆದರೆ ಅದು ಯಾರನ್ನೂ ಕಳ್ಳನೆಂದು ಸಿದ್ಧಪಡಿಸುವುದಿಲ್ಲ, ಅನ್ಯರ ಮನೆಯ ಬಾಗಿಲನ್ನು ತೆರೆಸುವ ಅಧಿಕಾರವನ್ನೂ ಕೊಡುವುದಿಲ್ಲ. ಆ ಅಧಿಕಾರವು ಬರಬೇಕಾದುದು ಕಾನೂನಿನಿಂದ. ಯಂತ್ರವನ್ನು ನಿರ್ಮಿಸಿದ ಸಂಸ್ಥೆಗೂ ಈ ಮಾತು ಅನ್ವಯಿಸುತ್ತದೆ.